ಸಹಾಯ ಬೇಕು: ಸ್ಟೇಕ್ ಸ್ಯಾಂಡ್‌ವಿಚ್‌ನ ಚಿಕನ್ ಗಟ್ಟಿಯಾಗುತ್ತಿದೆ

ಎಲ್ಲರಿಗೂ ನಮಸ್ಕಾರ್ರೀ. ಬೆಳಗಾವಿಯ ತಿಲಕವಾಡಿಯಲ್ಲಿ ನಾನು, ನನ್ನ ತಮ್ಮ ಸಣ್ಣ ಊಟದ ಕೌಂಟರ್ ನಡೆಸುತ್ತೇವೆ. ಕುರ್ಚಿ ಇಲ್ಲ, ನಿಂತೇ ತಿನ್ನಬೇಕು. ಚಿಕನ್ ಸ್ಟೇಕ್ ಸ್ಯಾಂಡ್‌ವಿಚ್‌ಗೆ 70 ರೂಪಾಯಿ. ಕಾಲೇಜು ಹುಡುಗರೇ ಜಾಸ್ತಿ, ಬೆಲೆ ಏರಿಸಲು ಮನಸ್ಸಿಲ್ಲ.

ತವಾದಿಂದ ಇಳಿಸಿದಾಗ ಬ್ರೆಸ್ಟ್ ಪೀಸ್ ಮೆತ್ತಗಿರುತ್ತದೆ. ಆದರೆ ಒಂದು ಗಂಟೆಗೆ ಗಿರಾಕಿಗಳು ಒಟ್ಟಿಗೆ ಬರುತ್ತಾರೆ, ಅದಕ್ಕೆ ಮೊದಲೇ ಬೇಯಿಸಿ ಬಿಸಿ ಡಬ್ಬಿಯಲ್ಲಿ ಇಡುತ್ತೇವೆ. ಅಷ್ಟರಲ್ಲಿ ರಬ್ಬರ್ ಥರ ಆಗುತ್ತದೆ. ಮೊಸರಲ್ಲಿ ನೆನೆಸಿ ನೋಡಿದೆವು. ಉಪ್ಪುನೀರಲ್ಲಿ ಇಟ್ಟೆವು. ಎಳೆಗೆ ಅಡ್ಡಲಾಗಿ ತೆಳ್ಳಗೆ ಕೊಯ್ದಾಗ ಸ್ವಲ್ಪ ಸುಧಾರಿಸಿತು, ಅಷ್ಟೇ. ಕಾವು 60 ಡಿಗ್ರಿಗಿಂತ ಇಳಿದರೆ ಕೆಡುವ ಭಯ, ಏರಿಸಿದರೆ ಒಣಗುತ್ತದೆ.

ಲೆಗ್ ಬೋನ್‌ಲೆಸ್‌ಗೆ ಬದಲಾಯಿಸಬೇಕಾ, ಇಲ್ಲಾ ಬ್ರೆಸ್ಟನ್ನೇ ಡಬ್ಬಿಯಲ್ಲಿ ಸ್ವಲ್ಪ ಸಾರು ಹಾಕಿ ಇಡಬೇಕಾ? ಹೋಟೆಲ್ ಅಡುಗೆ ಮಾಡಿದವರು ಯಾವುದು ಸರಿ ಅಂತ ಹೇಳ್ರೀ.