‘ಬ್ಯಾರನ್ ಹ್ಯಾರಿಸ್’ ಶ್ರೀರಂಗಪಟ್ಟಣದ ದೊರೆಯೇ?

1799ರ ಯುದ್ಧದ ಮೇಲಿನ ಅನುವಾದವೊಂದನ್ನು ತಿದ್ದುತ್ತಿದ್ದೇನೆ. ಅದರಲ್ಲಿ ಇಂಗ್ಲಿಷ್ ಸೇನೆಯ ಜನರಲ್ ಜಾರ್ಜ್ ಹ್ಯಾರಿಸ್‌ನನ್ನು ‘ಶ್ರೀರಂಗಪಟ್ಟಣ ಮತ್ತು ಮೈಸೂರಿನ ದೊರೆ’ ಎಂದಿದ್ದಾರೆ. ಟಿಪ್ಪು ಸತ್ತ ಮೇಲೆ ಮೈಸೂರಿನ ಪಟ್ಟಕ್ಕೆ ಬಂದವರು ಮುಮ್ಮಡಿ ಕೃಷ್ಣರಾಜ ಒಡೆಯರು ಅಲ್ವಾ? ಹ್ಯಾರಿಸ್ ಎಲ್ಲಿಯ ದೊರೆ?

ಗೊಂದಲ ಹುಟ್ಟಿದ್ದು ಅವನ ಬ್ಯಾರನ್ ಪದವಿಯ ಪೂರ್ತಿ ಹೆಸರಿನಿಂದ. ಬ್ಯಾರನ್ ಎಂದರೆ ಬ್ರಿಟನ್ನಿನಲ್ಲಿ ವಂಶದಲ್ಲಿ ಇಳಿಯುವ ಒಂದು ಗೌರವ ಪದವಿ. ಯುದ್ಧ ಮುಗಿದು 16 ವರ್ಷದ ಮೇಲೆ, 1815ರಲ್ಲಿ ಅವನಿಗೆ ಸಿಕ್ಕಿದ್ದು ಇದು: ‘ಬ್ಯಾರನ್ ಹ್ಯಾರಿಸ್, ಆಫ್ ಸೆರಿಂಗಪಟಂ ಅಂಡ್ ಮೈಸೂರ್ ಇನ್ ದಿ ಈಸ್ಟ್ ಇಂಡೀಸ್, ಅಂಡ್ ಆಫ್ ಬೆಲ್ಮಾಂಟ್ ಇನ್ ದಿ ಕೌಂಟಿ ಆಫ್ ಕೆಂಟ್’. ‘ಹ್ಯಾರಿಸ್’ ಆದ ಮೇಲಿನ ಅಲ್ಪವಿರಾಮ ನೋಡಿ. ಪದವಿ ಅಲ್ಲಿಗೇ ಮುಗಿಯಿತು, ಮಿಕ್ಕಿದ್ದು ಬಾಲ. ಬೆಲ್ಮಾಂಟ್ ಅವನ ಮನೆ, ಶ್ರೀರಂಗಪಟ್ಟಣ ಅವನು ಗೆದ್ದ ಊರು. ನಮ್ಮ ಪಟೇಲಿಕೆಯೂ ವಂಶದಲ್ಲೇ ಇಳಿಯುತ್ತಿತ್ತು, ಆದರೆ ಅದಕ್ಕೆ ಕೆಲಸವಿತ್ತು, ಇನಾಮು ಜಮೀನೂ ಇತ್ತು. ಈ ಬ್ಯಾರನ್‌ಗಿರಿಯ ಜೊತೆ ಮೈಸೂರಿನ ಗೇಣು ನೆಲವೂ ಬರಲಿಲ್ಲ.

ಅದೇ ಯುದ್ಧದಲ್ಲಿದ್ದ ಆರ್ಥರ್ ವೆಲ್ಲೆಸ್ಲಿ ಮುಂದೆ ‘ಡ್ಯೂಕ್ ಆಫ್ ವೆಲ್ಲಿಂಗ್ಟನ್’ ಆದ. ಅಲ್ಲಿ ಊರೇ ಪದವಿಯ ಹೆಸರು, ಬಿಡುವ ಹಾಗಿಲ್ಲ. ಹ್ಯಾರಿಸ್ ವಿಷಯದಲ್ಲಿ ಬಾಲ ಬಿಟ್ಟರೂ ನಡೆಯುತ್ತದೆ.

‘ಲಾರ್ಡ್ ಹ್ಯಾರಿಸ್’ ಇನ್ನೊಂದು ತಲೆನೋವು. ಬ್ಯಾರನ್‌ನನ್ನು ಕರೆಯುವುದೇ ಲಾರ್ಡ್ ಎಂದು. ಹಾಗಾಗಿ ಪದವಿಗೆ ಬಂದವರೆಲ್ಲ ಲಾರ್ಡ್ ಹ್ಯಾರಿಸ್‌ಗಳೇ! 1854ರಿಂದ 59ರವರೆಗೆ ಮದ್ರಾಸಿನ ಗವರ್ನರ್ ಆಗಿದ್ದವನು ಮೂರನೆಯವನು, ಜನರಲ್‌ನ ಮೊಮ್ಮಗ. 1890ರಲ್ಲಿ ಬೊಂಬಾಯಿಗೆ ಗವರ್ನರ್ ಆಗಿ ಬಂದವನು ನಾಲ್ಕನೆಯವನು. ಇಂಗ್ಲೆಂಡ್ ಕ್ರಿಕೆಟ್ ತಂಡದ ನಾಯಕನೂ ಆಗಿದ್ದ. ಮುಂಬೈ ಶಾಲಾ ಹುಡುಗರು ಆಡುವ ಹ್ಯಾರಿಸ್ ಶೀಲ್ಡ್ ಅವನ ಹೆಸರಿನದು. ನಮ್ಮ ಅನುವಾದಕರು 1799ರ ಕೋಟೆ ಮುತ್ತಿಗೆಯಲ್ಲೂ ‘ಲಾರ್ಡ್ ಹ್ಯಾರಿಸ್’ ಎಂದೇ ಬರೆದಿದ್ದಾರೆ. ಆಗ ಅವನಿನ್ನೂ ಬರೀ ಜನರಲ್.

‘ದೊರೆ’ ಪೂರ್ತಿ ತಪ್ಪು ಅಂತಲ್ಲ. ಬ್ರಿಟಿಷ್ ಅಧಿಕಾರಿಗಳನ್ನು ‘ಮನ್ರೋ ದೊರೆ’ ಎಂಬಂತೆ ಕರೆಯುತ್ತಿದ್ದ ರೂಢಿ ಇತ್ತು. ‘ಹ್ಯಾರಿಸ್ ದೊರೆ’ ಎಂದರೆ ನನ್ನ ತಕರಾರಿಲ್ಲ. ಮುಂದೆ ‘ಶ್ರೀರಂಗಪಟ್ಟಣದ’ ಸೇರಿಸಿದರೆ ಮಾತ್ರ ಆಳಿದವನು ಎಂಬ ಅರ್ಥ ಬಂದುಬಿಡುತ್ತದೆ.

ಸದ್ಯಕ್ಕೆ ‘ಒಂದನೆಯ ಬ್ಯಾರನ್ ಹ್ಯಾರಿಸ್’ ಎಂದು ತಿದ್ದಿದ್ದೇನೆ. ಆದರೆ ನಮ್ಮ ಓದುಗರಿಗೆ ಶ್ರೀರಂಗಪಟ್ಟಣದ ಹೆಸರೇ ಮುಖ್ಯ, ಸುಮ್ನೆ ಹಾರಿಸಲು ಮನಸ್ಸಿಲ್ಲ. ‘ಶ್ರೀರಂಗಪಟ್ಟಣದ ಗೆಲುವಿನ ಗುರುತು ಹೊತ್ತ’ ಎಂದು ಸೇರಿಸಿದರೆ ಜಾಸ್ತಿ ಉದ್ದವಾಯಿತೇ? ಚಿಕ್ಕದಾಗಿ ಹೇಳುವ ದಾರಿ ಇದ್ದರೆ ತಿಳಿಸಿ.