ಸ್ಟಾರ್ ಏರಿಸೋಕೆ ಎಷ್ಟಾಗುತ್ತೆ? ಸುಮಾ ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ನಮ್ಮ ಸಣ್ಣ ವ್ಯಾಪಾರಿಗಳ ಗುಂಪಿನಲ್ಲಿ ಇವತ್ತು ಸುಮಾ ಮೇಡಂ ಇದ್ದಾರೆ. ಹೋಟೆಲ್, ಕ್ಲಿನಿಕ್, ಹೋಂಸ್ಟೇಗಳ ಗೂಗಲ್ ರಿವ್ಯೂ ನೋಡಿಕೊಳ್ಳುವುದೇ ಅವರ ಕೆಲಸ. ಆನ್‌ಲೈನ್‌ನಲ್ಲಿ ಹೆಸರು ಉಳಿಸಿಕೊಳ್ಳೋಕೆ ಖರ್ಚೆಷ್ಟು, ಏನಕ್ಕೆ ಕೊಡಬೇಕು, ಏನಕ್ಕೆ ಕೊಡಬಾರದು, ಕೇಳಿ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಮೆಸ್ ಗೌಡ್ರು, ಹಾಸನ: ನಮಸ್ಕಾರ ಮೇಡಂ. ನಮ್ಮದು ಊಟದ ಮೆಸ್. 180 ರಿವ್ಯೂ ಇದೆ, 4.1. ಏಜೆನ್ಸಿಯವನೊಬ್ಬ ತಿಂಗಳಿಗೆ 15,000 ಕೊಡಿ, ಮೂರು ತಿಂಗಳಲ್ಲಿ 4.5 ಗ್ಯಾರಂಟಿ ಅಂತಾನೆ. ಕೊಡಬಹುದಾ?

ಸುಮಾ: ನಮಸ್ಕಾರ ಗೌಡ್ರೇ. ಲೆಕ್ಕ ಹಾಕೋಣ. 180 ರಿವ್ಯೂಗೆ 4.1 ಇರುವುದು 4.5 ಆಗಬೇಕಾದರೆ ಇನ್ನೂ 144 ಜನ ಬರೆಯಬೇಕು. ಎಲ್ಲರೂ ಐದೇ ಸ್ಟಾರ್ ಕೊಡಬೇಕು. ನಡುವೆ ಒಬ್ಬನೂ ಸಾರು ಉಪ್ಪಾಯ್ತು ಅನ್ನಬಾರದು. ಈ 180 ಆಗೋಕೆ ನಿಮಗೆ ಎಷ್ಟು ವರ್ಷ ಹಿಡಿಯಿತು? ಮೂರು ತಿಂಗಳಲ್ಲಿ ಗ್ಯಾರಂಟಿ ಅನ್ನುವವನು ರಿವ್ಯೂ ಕೊಂಡು ತುಂಬುವ ಯೋಚನೆಯಲ್ಲಿದ್ದಾನೆ.

ಒಂದೇ ಅಂಗಡಿ ಇದ್ದವರಿಂದ ನಾನು ತಿಂಗಳಿಗೆ 8,000 ತಗೊಳ್ಳುತ್ತೇನೆ. ದಿನಾ ರಿವ್ಯೂ ನೋಡಿ ಉತ್ತರ ಬರೆಯುವುದು, ಗೂಗಲ್ ನೀತಿ ಮುರಿದದ್ದನ್ನು ರಿಪೋರ್ಟ್ ಮಾಡುವುದು, ಫೋಟೋ, ಸಮಯ, ಮೆನು ಸರಿ ಇಡುವುದು, ತಿಂಗಳ ಕೊನೆಗೆ ಯಾವ ದೂರು ಮತ್ತೆ ಮತ್ತೆ ಬಂತು ಅಂತ ಪಟ್ಟಿ ಕೊಡುವುದು. ಇಷ್ಟೇ. ಅದರ ಮೇಲೆ 18% ಜಿಎಸ್‌ಟಿ. ನೀವು 5% ಕಟ್ಟುವ ಹೋಟೆಲ್ ಆಗಿದ್ದರೆ ಇನ್‌ಪುಟ್ ಸಿಗುವುದಿಲ್ಲ, ಅಂದರೆ ನನಗೆ ಕೊಟ್ಟ ಜಿಎಸ್‌ಟಿಯನ್ನು ನೀವು ಕಟ್ಟುವ ತೆರಿಗೆಯಲ್ಲಿ ಕಳೆಯೋಕಾಗಲ್ಲ. ಹಾಗಾಗಿ 9,440 ಪೂರ್ತಿ ನಿಮ್ಮ ಕೈಯಿಂದಲೇ ಹೋಗುತ್ತದೆ. ಏಜೆನ್ಸಿಯವರು ಇದನ್ನು ಬಾಯಿಬಿಟ್ಟು ಹೇಳಲ್ಲ.

ನಿಜ ಹೇಳಬೇಕಂದ್ರೆ ನಿಮಗೆ ನಾನೂ ಬೇಡ. ಗೂಗಲ್ ಬಿಸಿನೆಸ್ ಪ್ರೊಫೈಲ್ ಪುಕ್ಕಟೆ. ರಾತ್ರಿ ಗಲ್ಲಾ ಎಣಿಸಿದ ಮೇಲೆ ಮಗನೋ ಮಗಳೋ ಹತ್ತು ನಿಮಿಷ ಕೂತರೆ ಸಾಕು.

ಪಿಜಿ ರಮೇಶ್, ಮಾರತ್ತಹಳ್ಳಿ: ಕೆಟ್ಟ ರಿವ್ಯೂ ಡಿಲೀಟ್ ಮಾಡಿಸೋಕೆ ಒಂದಕ್ಕೆ ಎಷ್ಟು ಮೇಡಂ? ನನಗೆ 3,000 ಹೇಳಿದ್ದಾರೆ.

ಸುಮಾ: ಯಾರ ಕೈಯಲ್ಲೂ ಆಗಲ್ಲ. ಬರೆದವರನ್ನು ಬಿಟ್ಟರೆ ತೆಗೆಯುವುದು ಗೂಗಲ್ ಮಾತ್ರ, ಅದೂ ನೀತಿ ಮುರಿದಿದ್ದರೆ. ರಿಪೋರ್ಟ್ ಮಾಡೋಕೆ ದುಡ್ಡಿಲ್ಲ. ಅವರು ಒಪ್ಪದಿದ್ದರೆ ಒಂದು ಸಲ ಅಪೀಲ್ ಮಾಡಬಹುದು, ಅದಕ್ಕೂ ದುಡ್ಡಿಲ್ಲ. 3,000 ಏತಕ್ಕೆ ಅಂತ ಅವರನ್ನೇ ಕೇಳಿ.

ಬೇಕರಿ ಮಂಜು: ಬಂದಿದ್ದನ್ನು ಹಾಕ್ತಿದ್ದೀನಿ, ಉಪಯೋಗ ಆಗಬಹುದು. "ಗ್ರೂಪಿನ 50 ಜನ ಒಟ್ಟಿಗೆ ರಿಪೋರ್ಟ್ ಹೊಡೆದರೆ 24 ಗಂಟೆಯಲ್ಲಿ ರಿವ್ಯೂ ಮಾಯ!! ಆಗದಿದ್ದರೆ ಅಂಗಡಿ ಶಾಶ್ವತವಾಗಿ ಮುಚ್ಚಿದೆ ಅಂತ ಹಾಕಿ, ವಾರ ಬಿಟ್ಟು ತೆರೆಯಿರಿ. ಎಲ್ಲಾ ವ್ಯಾಪಾರಿಗಳಿಗೂ ತಲುಪಿಸಿ 🙏"

ಸುಮಾ: ತಲುಪಿಸಬೇಡಿ. ರಿಪೋರ್ಟ್ ಎಷ್ಟು ಬಂತು ಅಂತ ನೋಡಿ ತೆಗೆಯುವುದಿಲ್ಲ. ರಿವ್ಯೂನಲ್ಲಿ ಏನಿದೆ ಅಂತ ನೋಡುತ್ತಾರೆ. ಮುಚ್ಚಿದೆ ಅಂತ ಹಾಕಿದರೆ ರಿವ್ಯೂ ಅಲ್ಲೇ ಇರುತ್ತದೆ, ಗಿರಾಕಿ ಪಕ್ಕದ ಬೇಕರಿಗೆ ಹೋಗುತ್ತಾನೆ.

ಚಾಟ್ಸ್ ಸೆಂಟರ್, ದಾವಣಗೆರೆ: ಮೇಡಂ, ಜೊಮ್ಯಾಟೊದಲ್ಲಿ 3.4 ಇದೆ. ಅಲ್ಲಿ ಏನು ಮಾಡಬೇಕು?

ಸಕಲೇಶಪುರ ಹೋಂಸ್ಟೇ: ಮೇಡಂ, ತುಂಬಾ ತಲೆ ಕೆಟ್ಟಿದೆ. ನಮ್ಮ ಹೋಂಸ್ಟೇಗೆ 60 ರಿವ್ಯೂ, 4.6 ಇತ್ತು. ಮೊನ್ನೆ ಒಂದೇ ರಾತ್ರಿ 12 ಜನ ಒಂದೊಂದು ಸ್ಟಾರ್ ಕೊಟ್ಟು 4.0 ಮಾಡಿದ್ದಾರೆ. ಆ ಹೆಸರಿನವರು ಯಾರೂ ನಮ್ಮಲ್ಲಿ ಉಳಿದಿಲ್ಲ. ಬೆಳಗ್ಗೆ ಹೊರದೇಶದ ನಂಬರಿನಿಂದ ವಾಟ್ಸಾಪ್ ಬಂತು. "ನಿಮಗೆ ಕೆಟ್ಟ ರಿವ್ಯೂ ಬರೆಯಲು ಒಬ್ಬ ನಮ್ಮನ್ನು ಗೊತ್ತು ಮಾಡಿದ್ದ, ದುಡ್ಡು ಕೊಡಲಿಲ್ಲ. ನೀವು 10,000 ಕೊಟ್ಟರೆ ತೆಗೆಯುತ್ತೇವೆ" ಅಂತ. ಮುಂದೆ ರಜೆ ಸೀಸನ್. ಮನೆಯವರು ಕೊಟ್ಟು ಕಳೆದುಕೊಳ್ಳೋಣ ಅಂತಿದ್ದಾರೆ.

ಸುಮಾ: ಕೊಡಬೇಡಿ. ಉಳಿದವರೂ ಓದಿ, ನನಗೆ ಈಗ ಜಾಸ್ತಿ ಭಯ ಇರುವುದು ಇದರದ್ದೇ.

ಆ "ಒಬ್ಬ ಗೊತ್ತು ಮಾಡಿದ್ದ" ಅನ್ನುವುದು ಕಟ್ಟುಕತೆ. ನಿಮಗೂ ಪಕ್ಕದ ಎಸ್ಟೇಟಿನವರಿಗೂ ಜಗಳ ಹಚ್ಚೋಕೆ, ನೀವು ಗಾಬರಿಯಾಗೋಕೆ. ಒಂದು ಸಲ ಕೊಟ್ಟರೆ ಇವರು ಕೊಡುವವರು ಅಂತ ಗೊತ್ತಾಗುತ್ತದೆ. ಆಮೇಲೆ 12 ಹೋಗಿ 30 ಬರುತ್ತದೆ.

ಮೊದಲು ಆ ಮೆಸೇಜಿನ ಸ್ಕ್ರೀನ್‌ಶಾಟ್ ತೆಗೆಯಿರಿ. ನಂಬರ್, ದಿನಾಂಕ, ಕೇಳಿದ ದುಡ್ಡು, ಮೂರೂ ಕಾಣಬೇಕು. ಬ್ಲಾಕ್ ಮಾಡಬೇಡಿ, ಬೈಯಲೂ ಬೇಡಿ, ಚೌಕಾಸಿಯೂ ಬೇಡ. ಆಮೇಲೆ 12 ಪ್ರೊಫೈಲನ್ನೂ ಒಂದೊಂದಾಗಿ ತೆರೆದು ನೋಡಿ. ನಾನು ನೋಡಿದ ಇಂಥ ಪ್ರಕರಣಗಳಲ್ಲಿ ಅದೇ ವಾರ ಅದೇ ಖಾತೆ ಯಾವುದೋ ದೇಶದ ಟೈರ್ ಅಂಗಡಿಗೆ, ಇನ್ನೆಲ್ಲೋ ಇರುವ ಬ್ಯೂಟಿ ಪಾರ್ಲರಿಗೆ ಸ್ಟಾರ್ ಕೊಟ್ಟಿರುತ್ತದೆ. ಅದರದ್ದೂ ಸ್ಕ್ರೀನ್‌ಶಾಟ್ ಬೇಕು. ಪ್ರತಿ ರಿವ್ಯೂನ ಬೇರೆ ಬೇರೆಯಾಗಿ ರಿಪೋರ್ಟ್ ಮಾಡಿ. ರಿವ್ಯೂ ಹಾಕಿ ಹಣ ಕೇಳುವವರ ಬಗ್ಗೆ ದೂರು ಕೊಡಲು ಗೂಗಲ್‌ನಲ್ಲಿ ಬೇರೆಯೇ ಫಾರಂ ಇದೆ, ಬಿಸಿನೆಸ್ ಪ್ರೊಫೈಲ್ ಸಹಾಯ ಪುಟದಲ್ಲಿ ಸಿಗುತ್ತದೆ. ಅದನ್ನು ಇವತ್ತೇ ತುಂಬಿ.

ಬೆದರಿಸಿ ಹಣ ಕೇಳುವುದು ಸುಲಿಗೆ, ಭಾರತೀಯ ನ್ಯಾಯ ಸಂಹಿತೆಯ 308ನೇ ಸೆಕ್ಷನ್. ಸೈಬರ್‌ಕ್ರೈಮ್ ಪೋರ್ಟಲ್‌ನಲ್ಲಿ ದೂರು ಹಾಕಿ, ಸ್ಟೇಷನ್ನಿಗೂ ಒಂದು ಪ್ರತಿ ಕೊಡಿ. ದುಡ್ಡು ಆಗಲೇ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ರಿವ್ಯೂ ಕೆಳಗೆ ಒಂದೇ ಸಾಲು ಬರೆಯಿರಿ: "ಈ ಹೆಸರಿನಲ್ಲಿ ನಮ್ಮಲ್ಲಿ ಯಾರೂ ತಂಗಿಲ್ಲ. ಬುಕಿಂಗ್ ವಿವರ ಇದ್ದರೆ ತಿಳಿಸಿ." ಹೋಟೆಲ್ ಹುಡುಕುವವರು ಅದನ್ನೇ ಓದುತ್ತಾರೆ. ಬುಕಿಂಗ್ ಡಾಟ್ ಕಾಮ್‌ನಲ್ಲಿ ತಂಗಿದವರು ಮಾತ್ರ ಬರೆಯೋಕಾಗುತ್ತೆ. ಅಲ್ಲಿನ ನಿಮ್ಮ ರೇಟಿಂಗ್ ಚೆನ್ನಾಗಿದ್ದರೆ ವಿಚಾರಿಸುವವರಿಗೆ ಅದನ್ನು ಕಳಿಸಿ.

ನೆಂಟರ ಹತ್ತಿರ 20 ಐದು ಸ್ಟಾರ್ ಬರೆಸಿ ಸರಿದೂಗಿಸೋಣ ಅಂತ ಈಗ ಯಾರೋ ಹೇಳೇ ಹೇಳುತ್ತಾರೆ. ಕೇಳಬೇಡಿ. ಈಗ ನಿಮ್ಮ ಕೈ ಶುದ್ಧ ಇದೆ, ಅದೇ ನಿಮ್ಮ ಬಲ.

ಬೇಕರಿ ಮಂಜು: ನಾನೇ ಹೇಳೋಣ ಅಂತಿದ್ದೆ 😄

ಸೀರೆ ಅಂಗಡಿ ವಸುಧಾ: ಇಷ್ಟೊಂದು ಹೆದರಿಸೋದು ಯಾಕೆ? ನಾನು ಎರಡು ವರ್ಷದ ಹಿಂದೆ 2,000ಕ್ಕೆ 40 ರಿವ್ಯೂ ತಗೊಂಡೆ. ಏನೂ ಆಗಿಲ್ಲ. 8,000 ತಿಂಗಳಿಗೆ ಕೊಡೋದಕ್ಕಿಂತ ವಾಸಿ ಅಲ್ವಾ?

ಸುಮಾ: ಆಗುವವರೆಗೂ ಏನೂ ಆಗಿರಲ್ಲ ಮೇಡಂ. ಗೂಗಲ್ ಹಿಡಿದರೆ ಆ 40 ಹೋಗುತ್ತದೆ. ಕೆಲವು ಕಾಲ ಹೊಸ ರಿವ್ಯೂ ಬರದ ಹಾಗೆ ಮಾಡುತ್ತಾರೆ, ನಕಲಿ ರಿವ್ಯೂ ತೆಗೆದಿದ್ದೇವೆ ಅಂತ ನಿಮ್ಮ ಪ್ರೊಫೈಲ್ ಮೇಲೇ ಹಾಕಬಹುದು. ಅದನ್ನು ಅಳಿಸೋಕೆ ನನಗೆ ಲಕ್ಷ ಕೊಟ್ಟರೂ ಆಗಲ್ಲ. ಇನ್ನು ಆ 40 ಬರೆದವರು ಯಾರು? "ಮ್ಯಾಪ್‌ನಲ್ಲಿ ರೇಟಿಂಗ್ ಕೊಡಿ, ಮನೆಯಲ್ಲೇ ಕೂತು ಸಂಪಾದಿಸಿ" ಅಂತ ಟೆಲಿಗ್ರಾಂನಲ್ಲಿ ಹಿಡಿದ ಹುಡುಗ ಹುಡುಗಿಯರೂ ಅದರಲ್ಲಿರುತ್ತಾರೆ. ಮೊದಲು ನೂರಿನ್ನೂರು ಕೊಟ್ಟು ನಂಬಿಸಿ, ಆಮೇಲೆ ಮುಂದಿನ ಟಾಸ್ಕ್‌ಗೆ ಮೊದಲು ದುಡ್ಡು ಕಟ್ಟಿ ಅಂತ ಅವರ ದುಡ್ಡನ್ನೇ ನುಂಗುತ್ತಾರೆ.

ಪಿಜಿ ರಮೇಶ್, ಮಾರತ್ತಹಳ್ಳಿ: ಓಹೋ, ಅದಕ್ಕೇ ವಸುಧಾ ಅವರದ್ದು 4.9! ನನ್ನ ಹೆಂಡತಿ ತಂದ ಸೀರೆ ಒಂದೇ ಒಗೆತಕ್ಕೆ ಬಣ್ಣ ಬಿಡ್ತು, ವಾಪಸ್ ತಗೊಳ್ಳಲಿಲ್ಲ.

ಸೀರೆ ಅಂಗಡಿ ವಸುಧಾ: ಡ್ರೈ ವಾಶ್ ಅಂತ ಬಿಲ್ಲಿನ ಮೇಲೆ ಬರೆದಿತ್ತು ಸರ್. ಆ ಒಂದು ಸ್ಟಾರ್ ನಿಮ್ಮ ಮನೆಯವರದ್ದಾ?

ಪಿಜಿ ರಮೇಶ್, ಮಾರತ್ತಹಳ್ಳಿ: ಹೌದು. ತೆಗೆಯಲ್ಲ.

ಸೀರೆ ಅಂಗಡಿ ವಸುಧಾ: ನಿಮ್ಮ ಪಿಜಿ ತಿಂಡಿ ಬಗ್ಗೆ ಹುಡುಗರು ಬರೆದಿರೋದನ್ನೂ ಓದಿದ್ದೀನಿ. ಅದನ್ನು ಡಿಲೀಟ್ ಮಾಡಿಸೋಕೆ ತಾನೇ ರೇಟ್ ಕೇಳ್ತಿದ್ದದ್ದು?

ಅಡ್ಮಿನ್: ಇಬ್ಬರೂ ಸ್ವಲ್ಪ ನಿಲ್ಲಿಸಿ.

ದಂತವೈದ್ಯ, ಶಿವಮೊಗ್ಗ: ರೂಟ್ ಕೆನಾಲ್ ಫೇಲ್ ಅಂತ ಒಬ್ಬರು ಬರೆದಿದ್ದಾರೆ. ಅವರೇ ಎರಡನೇ ಸಿಟ್ಟಿಂಗ್‌ಗೆ ಬರಲಿಲ್ಲ. ಎಕ್ಸ್‌ರೇ ಸಮೇತ ಉತ್ತರ ಹಾಕಲಾ?

ಸುಮಾ: ಬೇಡವೇ ಬೇಡ ಡಾಕ್ಟ್ರೇ. 2019ರಲ್ಲಿ ಅಮೆರಿಕದ ಡಲ್ಲಾಸ್‌ನ ಒಂದು ದಂತ ಚಿಕಿತ್ಸಾಲಯ ಹೀಗೇ ರಿವ್ಯೂಗೆ ಉತ್ತರ ಕೊಡೋಕೆ ಹೋಗಿ ರೋಗಿಯ ವಿವರ ಬರೆದು 10,000 ಡಾಲರ್ ಕಟ್ಟಿತು. ನಮ್ಮಲ್ಲೂ ರೋಗಿಯ ಗುಟ್ಟು ಕಾಯುವುದು ನಿಮ್ಮ ವೃತ್ತಿ ನಿಯಮ. ಅವರು ನಿಮ್ಮಲ್ಲಿಗೆ ಬಂದಿದ್ದರು ಅನ್ನುವುದನ್ನೂ ಒಪ್ಪಿ ಬರೆಯಬೇಡಿ. "ದಯವಿಟ್ಟು ಕ್ಲಿನಿಕ್‌ಗೆ ಫೋನ್ ಮಾಡಿ, ಮಾತಾಡೋಣ" ಅಂದರೆ ಸಾಕು.

ಬೇಕರಿ ಮಂಜು: ಐದು ಸ್ಟಾರ್ ಕೊಟ್ಟವರಿಗೆ ದಿಲ್‌ಪಸಂದ್ ಫ್ರೀ ಅಂತ ಬೋರ್ಡ್ ಹಾಕಬಹುದಾ?

ಸುಮಾ: ಇಲ್ಲ. ಏನನ್ನಾದರೂ ಕೊಟ್ಟು ಬರೆಸುವುದೂ ನೀತಿ ಮುರಿದ ಹಾಗೆ. ಗಲ್ಲಾ ಹತ್ತಿರ ರಿವ್ಯೂ ಪುಟ ತೆರೆಯುವ ಕ್ಯೂಆರ್ ಇಡಿ. ಖುಷಿಯಾದವರು, ಆಗದವರು ಎಲ್ಲರಿಗೂ ತೋರಿಸಿ.

ಮೊಬೈಲ್ ಅಂಗಡಿ, ತುಮಕೂರು: ರಿವ್ಯೂ ಡಿಲೀಟ್‌ಗೆ ಎಷ್ಟು ಮೇಡಂ?

ಸುಮಾ: ಮೇಲೆ ಓದಿ.

ಮೊಬೈಲ್ ಅಂಗಡಿ, ತುಮಕೂರು: ಓದಿದೆ. ಆದರೂ ಅಂದಾಜು?

ಸುಮಾ: ಓದಿಲ್ಲ.

ಚಾಟ್ಸ್ ಸೆಂಟರ್, ದಾವಣಗೆರೆ: ಜೊಮ್ಯಾಟೊ ಮೇಡಂ??

ಕೋಚಿಂಗ್ ಸರ್, ಧಾರವಾಡ: ಲಾಯರ್ ನೋಟಿಸ್ ಕಳಿಸಿದರೆ ಒಂದೇ ದಿನದಲ್ಲಿ ತೆಗೆಯುತ್ತಾರೆ ಅಂತ ಬೇರೆ ಗ್ರೂಪಿನಲ್ಲಿ ಬಂದಿದೆ, ಇಲ್ಲಿ ಹಾಕಲಾ?

ಸುಮಾ: ಹಾಕಿದರೆ ನಾನು ಎದ್ದು ಹೋಗುತ್ತೇನೆ.

ಮೆಸ್ ಗೌಡ್ರು, ಹಾಸನ: ಮೇಡಂ ಬೇಜಾರಾಗಬೇಡಿ. ಆ ಏಜೆನ್ಸಿಯವನು ಮತ್ತೆ ಫೋನ್ ಮಾಡಿದ್ದ. 144 ಜನರನ್ನು ಎಲ್ಲಿಂದ ತರ್ತೀಯಪ್ಪಾ ಅಂದೆ. 12,000ಕ್ಕೆ ಇಳಿದ.

ಸಕಲೇಶಪುರ ಹೋಂಸ್ಟೇ: ಫಾರಂ ತುಂಬಿದೆ ಮೇಡಂ. ಪ್ರೊಫೈಲ್ ಸ್ಕ್ರೀನ್‌ಶಾಟ್ ನಿಮಗೆ ಕಳಿಸಿದ್ದೀನಿ, ನೋಡ್ತೀರಾ?

ಸುಮಾ: ನೋಡಿದೆ. ಎಂಟು ಮಾತ್ರ ಬಂದಿದೆ, ಇನ್ನು ನಾಲ್ಕು ತೆಗೆಯಿರಿ. ವಾಟ್ಸಾಪ್ ಚಿತ್ರದಲ್ಲಿ ನಂಬರ್ ಅರ್ಧ ಕತ್ತರಿಸಿದೆ, ಪೂರ್ತಿ ಕಾಣೋ ಹಾಗೆ ಮತ್ತೆ ತೆಗೆದು ದೂರಿಗೆ ಸೇರಿಸಿ. ಅವನು ಮತ್ತೆ ಮೆಸೇಜ್ ಹಾಕಿದರೆ ಉತ್ತರ ಕೊಡಬೇಡಿ, ನನಗೆ ಹಾಕಿ.