ವೈರಸ್ ಸಾಗಣೆಯನ್ನು ‘ಅಪಹರಿಸುತ್ತದೆ’ಯೋ, ತನ್ನನ್ನು ‘ಹೊರಿಸಿಕೊಳ್ಳುತ್ತದೆ’ಯೋ?

ಎಲ್ಲರಿಗೂ ನಮಸ್ಕಾರ. ಒಂದು ಕ್ರಿಯಾಪದದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಬಾಗಲಕೋಟೆಯಲ್ಲಿ ನಾವು ಕೆಲವರು ಸೇರಿ ಶಾಲೆ ಮಕ್ಕಳು ಮತ್ತು ಅವರ ಮನೆಯವರು ಓದಲಿ ಅಂತ ರೇಬೀಸ್ ಬಗ್ಗೆ ಒಂದು ಕರಪತ್ರ ಬರೆಯುತ್ತಿದ್ದೇವೆ. ನಾಯಿ ಕಚ್ಚಿದ್ದು ಕಾಲಿಗೆ, ರೋಗ ಮಿದುಳಿಗೆ ಹೋಗುವುದು ಹೇಗೆ? ಈ ಪ್ರಶ್ನೆ ಬಂದೇ ಬರುತ್ತದೆ. ನಮ್ಮ ಕಡೆ ಜನ ‘ನಂಜು ಏರುತ್ತದೆ’ ಅಂತಾರೆ, ಅಂದರೆ ಹಾವಿನ ವಿಷದ ಹಾಗೆ ರಕ್ತದಲ್ಲಿ ಹರಿದು ಹೋಗುತ್ತದೆ ಅಂದುಕೊಂಡಿರುತ್ತಾರೆ. ಆದರೆ ರೇಬೀಸ್ ಹೋಗುವುದು ನರದ ಒಳಗಿನಿಂದ.

ಸೊಂಟದ ಹತ್ತಿರದ ಬೆನ್ನುಹುರಿಯಿಂದ ಪಾದದವರೆಗೆ ಒಂದೇ ನರಕೋಶದ ಎಳೆ ಸುಮಾರು 1 ಮೀಟರ್ ಉದ್ದ ಇರಬಹುದು. ಅಷ್ಟು ದೂರ ಯಾವ ವೈರಸ್ಸೂ ತಾನಾಗಿ ಹೋಗಲಾರದು, ಅದಕ್ಕೆ ಕೈಕಾಲಿಲ್ಲ, ಕೋಶದ ಒಳಗಾದರೂ ಅಷ್ಟೊಂದು ಕಿಕ್ಕಿರಿದಿರುತ್ತದೆ. ಆದರೆ ಕೋಶಕ್ಕೆ ತನ್ನದೇ ಸಾಗಣೆ ವ್ಯವಸ್ಥೆ ಇದೆ. ಟ್ಯೂಬ್ಯುಲಿನ್ ಎಂಬ ಪ್ರೋಟೀನಿನಿಂದಾದ, 25 ನ್ಯಾನೋಮೀಟರ್ ದಪ್ಪದ ಸೂಕ್ಷ್ಮನಳಿಕೆಗಳೇ ದಾರಿ. ಅವುಗಳ ಮೇಲೆ ಸರಕು ಹೊತ್ತು ನಡೆಯುವ ಪ್ರೋಟೀನುಗಳಿವೆ. 1985ರಲ್ಲಿ ಪತ್ತೆಯಾದ ಕೈನೆಸಿನ್ 8 ನ್ಯಾನೋಮೀಟರಿಗೆ ಒಂದು ಹೆಜ್ಜೆ ಇಡುತ್ತಾ ಬಹುಮಟ್ಟಿಗೆ ಕೋಶದ ಅಂಚಿನ ಕಡೆ ಒಯ್ಯುತ್ತದೆ. ಡೈನೀನ್ ಒಯ್ಯುವುದು ಒಳಗೆ, ಕೋಶಕೇಂದ್ರದ ಕಡೆ.

ರೇಬೀಸ್ ವೈರಸ್ ಹಿಡಿಯುವುದು ಈ ಡೈನೀನ್ ದಾರಿಯನ್ನು. ನರಕ್ಕೆ ಪೋಷಣೆ ಕೊಡುವ ಪ್ರೋಟೀನನ್ನು ಒಳಗೆ ಬಿಟ್ಟುಕೊಳ್ಳುವ ಗ್ರಾಹಕಗಳು ಎಳೆಯ ತುದಿಯಲ್ಲಿವೆ, ಅಂಥ ಒಂದಕ್ಕೆ ವೈರಸ್ ಅಂಟಿಕೊಳ್ಳುತ್ತದೆ. ಕೋಶವೇ ಅದನ್ನು ಪೊರೆಯ ಸಣ್ಣ ಚೀಲದಲ್ಲಿ ಕಟ್ಟಿ ಒಳಗೆ ಕಳಿಸುತ್ತದೆ. ದಿನಕ್ಕೆ ಕೆಲವು ಸೆಂಟಿಮೀಟರಿನಂತೆ ಅದು ಬೆನ್ನುಹುರಿ ಕಡೆ ಸಾಗುತ್ತದೆ.

ಇದಕ್ಕೆ ಪತ್ರಿಕೆಗಳಲ್ಲಿ ‘ವೈರಸ್ ಸಾಗಣೆ ವ್ಯವಸ್ಥೆಯನ್ನು ಅಪಹರಿಸುತ್ತದೆ’, ಇಲ್ಲವೇ ‘ಹೈಜಾಕ್ ಮಾಡುತ್ತದೆ’ ಅಂತ ಬರೆಯುತ್ತಾರೆ. ನನಗದು ಒಪ್ಪಿಗೆಯಾಗುತ್ತಿಲ್ಲ. ಅಪಹರಣ ಅಂದ ಕೂಡಲೇ ಚಾಲಕನನ್ನು ಬೆದರಿಸಿ ವಿಮಾನ ತಿರುಗಿಸಿದ ಚಿತ್ರ ಕಣ್ಣಿಗೆ ಬರುತ್ತದೆ. ಇಲ್ಲಿ ಯಾರೂ ಯಾರನ್ನೂ ತಿರುಗಿಸಿಲ್ಲ, ಡೈನೀನ್ ದಿನಾ ಹೋಗುವ ದಾರಿಯಲ್ಲೇ ಹೋಗುತ್ತಿದೆ, ಉಳಿದ ಸರಕೂ ಸಾಗುತ್ತಿದೆ. ನಮ್ಮ ಎಪಿಎಂಸಿಯ ಹಮಾಲರು ಚೀಲ ಬಿಚ್ಚಿ ಒಳಗೇನಿದೆ ಅಂತ ನೋಡುವುದಿಲ್ಲ, ಹೊತ್ತು ಹಾಕುತ್ತಾರೆ ಅಷ್ಟೇ. ಡೈನೀನೂ ಹಾಗೆಯೇ.

ಅದಕ್ಕೇ ‘ಹೊರಿಸಿಕೊಳ್ಳು’ ಅಂತ ಬರೆದಿದ್ದೇನೆ. ‘ವೈರಸ್ ಡೈನೀನ್ ಕೈಲಿ ತನ್ನನ್ನು ಹೊರಿಸಿಕೊಂಡು ಹೋಗುತ್ತದೆ.’ ಕೆಲಸ ಇನ್ನೊಬ್ಬರದು, ಲಾಭ ತನ್ನದು, ಎರಡೂ ಆ ಒಂದೇ ಪದದಲ್ಲಿ ಬಂದುಬಿಡುತ್ತವೆ ಅಲ್ವಾ? ಹರ್ಪಿಸ್ ವೈರಸ್ಸಿಗೂ ಇದು ಹೊಂದುತ್ತದೆ. ಅದು ಡೈನೀನ್ ಜೊತೆ ನರದ ಬುಡಕ್ಕೆ ಹೋಗಿ ಸುಮ್ನೆ ಕೂತಿರುತ್ತದೆ, ಮತ್ತೆ ಎಚ್ಚರಗೊಂಡಾಗ ಕೈನೆಸಿನ್ ಮೇಲೆ ವಾಪಸ್ ಬಂದು ತುಟಿಯಂಚಿನಲ್ಲಿ ಗುಳ್ಳೆ ಎಬ್ಬಿಸುತ್ತದೆ.

ತೊಡಕಿರುವುದು ವ್ಯಾಕ್ಸಿನಿಯಾ ವಿಷಯದಲ್ಲಿ, ಸಿಡುಬಿನ ಲಸಿಕೆಗೆ ಬಳಸುತ್ತಿದ್ದ ವೈರಸ್ ಅದು. ಕೋಶದ ಅಂಚಿನವರೆಗೆ ಕೈನೆಸಿನ್ ಹೊರುತ್ತದೆ, ಸರಿ. ಅಲ್ಲಿಂದ ಮುಂದೆ ವೈರಸ್ಸಿನ ಕೆಳಗೆ ಆಕ್ಟಿನ್ ಎಂಬ ಇನ್ನೊಂದು ಪ್ರೋಟೀನಿನ ಎಳೆಗಳು ಬಾಲದಂತೆ ಬೆಳೆದು ಅದನ್ನು ಪಕ್ಕದ ಕೋಶದ ಕಡೆ ದೂಡುತ್ತವೆ. ಇಲ್ಲಿ ಹೊರುವವರೇ ಇಲ್ಲ. ‘ತಳ್ಳಿಸಿಕೊಳ್ಳು’ ಅನ್ನಬಹುದಾ, ಅಥವಾ ಎರಡಕ್ಕೂ ಆಗುವ ಬೇರೆ ಪದ ಇದೆಯಾ?

ಪದಕ್ಕೆ ಇಷ್ಟು ತಲೆಕೆಡಿಸಿಕೊಳ್ಳಲು ಕಾರಣವಿದೆ. ವೈರಸ್ ನರದಲ್ಲಿ ನಿಧಾನವಾಗಿ ಹೊರಿಸಿಕೊಂಡು ಹೋಗುತ್ತದೆ ಅಂತ ಗೊತ್ತಾದರೆ, ಕಚ್ಚಿದ ಕೂಡಲೇ ಗಾಯವನ್ನು ಸೋಪು ಹಚ್ಚಿ 15 ನಿಮಿಷ ನೀರಲ್ಲಿ ತೊಳೆಯುವುದು, ಅವತ್ತೇ ಲಸಿಕೆ ಹಾಕಿಸುವುದು ಯಾಕೆ ಅಂತ ಜನರಿಗೆ ತಾನಾಗಿ ತಿಳಿಯುತ್ತದೆ. ‘ಏರಿಬಿಟ್ಟಿದೆ’ ಅಂತ ಕೈಬಿಡುವವರೂ ಇದ್ದಾರೆ, ಏನೂ ಆಗಿಲ್ಲವಲ್ಲ ಅಂತ ಸುಮ್ಮನಿರುವವರು ಇನ್ನೂ ಜಾಸ್ತಿ.

ಇನ್ನೊಂದು. ಈ ಪ್ರೋಟೀನುಗಳಿಗೆ ‘ಹಮಾಲ ಪ್ರೋಟೀನು’ ಅಂತ ಹೆಸರಿಟ್ಟಿದ್ದೇನೆ. ಬೆಳಗಾವಿ, ವಿಜಯಪುರದವರಿಗೆ ಥಟ್ಟನೆ ಅರ್ಥವಾಗುತ್ತದೆ. ಮೈಸೂರು, ಮಂಗಳೂರು ಕಡೆಯವರು ಹೇಳಿ, ನಿಮ್ಮಲ್ಲಿ ಮಕ್ಕಳಿಗೆ ಈ ಪದ ಗೊತ್ತಾಗುತ್ತದಾ?